ಮನೆ ಗ್ಯಾರೇಜಲ್ಲೇ ಎಸ್-10 ಪಿಕಪ್‌ಗೆ ನೆಲಕ್ಕೆ ಕೂರೋ ಚಾಸಿ ಕಟ್ತಿದೀನಿ, ಬೈಯೋರು ಈಗ್ಲೇ ಬೈದ್ಬಿಡಿ

ಹೂಸ್ಟನ್_ಹೈದ
ಎಲ್ರಿಗೂ ನಮಸ್ಕಾರ. ಊರು ಅರಸೀಕೆರೆ ಕಡೆ, ಈಗಿರೋದು ಟೆಕ್ಸಾಸಲ್ಲಿ ಹೂಸ್ಟನ್ ಪಕ್ಕ. ವಾರವಿಡೀ ಕಂಪ್ಯೂಟರ್ ಮುಂದೆ, ಶನಿವಾರ ಭಾನುವಾರ ಗ್ಯಾರೇಜಲ್ಲಿ. 1991ರ ಷೆವರ್ಲೆ ಎಸ್-10 ಪಿಕಪ್ ಒಂದು ಅಗ್ಗಕ್ಕೆ ಸಿಕ್ತು, ಸಿಂಗಲ್ ಕ್ಯಾಬಿನ್, 4.3 ಲೀಟರ್ ವಿ6, ಇಂಜಿನ್ ಗಟ್ಟಿಮುಟ್ಟು, ಆದ್ರೆ ಹಿಂದಿನ ಓನರ್ ಯಾರೋ ಪುಣ್ಯಾತ್ಮ ಗಾಡಿ ತಗ್ಗಿಸ್ತೀನಿ ಅಂತ ಚಾಸೀನ ಗ್ಯಾಸ್ ಕಟರಲ್ಲಿ ಕೊರೆದು ಇಲಿ ಕಚ್ಚಿದ ರೊಟ್ಟಿ ಥರ ಮಾಡಿಟ್ಟಿದ್ದಾನೆ. ಅದಕ್ಕೆ ತೇಪೆ ಹಾಕೋ ಬದ್ಲು ಕ್ಯಾಬಿನ್ ಕೆಳಗಿಂದ ಹಿಂದಿನ ಬಂಪರ್‌ವರೆಗೂ ಹೊಸ ಚಾಸೀನೇ ಕಟ್ಟಿಬಿಡೋಣ ಅಂತ ತೀರ್ಮಾನ ಮಾಡಿದೀನಿ.

ಗೊತ್ತಿಲ್ಲದೋರಿಗೆ: ಇಲ್ಲಿ ಈ ಚಿಕ್ಕ ಪಿಕಪ್‌ಗಳಿಗೆ ಮಿನಿ ಟ್ರಕ್ ಅಂತಾರೆ. ಸ್ಪ್ರಿಂಗ್ ಕಿತ್ತಾಕಿ ಆ ಜಾಗಕ್ಕೆ ಏರ್ ಬ್ಯಾಗ್ ಹಾಕ್ತಾರೆ (ಗಾಳಿ ತುಂಬೋ ರಬ್ಬರ್ ಚೀಲ, ಆಕ್ಸಿಡೆಂಟ್ ಆದಾಗ ಉಬ್ಬೋದಲ್ಲ), ಓಡಿಸೋವಾಗ ಗಾಳಿ ತುಂಬಿಸಿ ಎತ್ತರ ಮಾಡ್ಕೋತಾರೆ, ನಿಲ್ಸಿದಾಗ ಗಾಳಿ ಬಿಟ್ರೆ ಗಾಡಿ ಹೊಟ್ಟೆ ನೆಲಕ್ಕೆ ತಾಕಿ ಕೂರುತ್ತೆ, ಎಮ್ಮೆ ಕೆರೇಲಿ ಕೂತಂಗೆ. ಮಾಮೂಲಿ ಚಾಸಿ ಇಟ್ಕೊಂಡು ಅಷ್ಟು ಕೂರ್ಸಕ್ಕಾಗಲ್ಲ, ಯಾಕಂದ್ರೆ ಕ್ಯಾಬಿನ್ ಬಾಗಿಲ ಕೆಳಗಿನ ತಗಡಿಗಿಂತ ಚಾಸಿ ಇನ್ನೂ ಕೆಳಗೆ ಇಳ್ಕೊಂಡಿರುತ್ತೆ, ನನ್ನ ಗಾಡೀಲಿ ಅಳೆದ್ರೆ 3 ಇಂಚು. ಆ 3 ಇಂಚು ಹೋಗ್ಬೇಕು ಅಂದ್ರೆ ಒಂದೋ ಫ್ಲೋರ್ ಕತ್ತರಿಸಿ ಕ್ಯಾಬಿನ್ನನ್ನೇ ಚಾಸಿ ಮೇಲೆ ಕೆಳಗಿಳಿಸ್ಬೇಕು, ಇಲ್ಲಾ ಫ್ಲೋರ್ ಮುಟ್ಟದೆ ಚಾಸೀನೇ ತೆಳ್ಳಗೆ ಹೊಸದಾಗಿ ಮಾಡ್ಬೇಕು. ನಂದು ಎರಡನೇ ದಾರಿ.

ಮೆಟೀರಿಯಲ್ 2x4 ಇಂಚಿನ ಆಯತಾಕಾರದ ಪೈಪ್, ಗೋಡೆ ದಪ್ಪ 3/16 ಇಂಚು, ಅಂದ್ರೆ ಹೆಚ್ಚೂಕಮ್ಮಿ 4.8 ಎಂಎಂ. 20 ಅಡಿ ಉದ್ದದ ಒಂದು ಪೈಪ್ 62 ಕೆಜಿ ತೂಗುತ್ತೆ, ಮೂರು ತಂದಿದೀನಿ, ಇಳಿಸ್ಕೊಳ್ಳೋವಾಗ್ಲೇ ಸೊಂಟ ಹೋಯ್ತು. ಏನ್ ತಪ್ಪಾಗ್ಬಹುದು ಅಂತ ಅನುಭವ ಇರೋರು ಹೇಳಿ.

ಕೋಲಾರ_ಟೊಮೆಟೊ
ಅಣ್ಣಾ ಒಂದು ಡೌಟು, ನಾವಿಲ್ಲಿ ಮಂಡಿಗೆ ಟೊಮೆಟೊ ಹೊಡಿಯೋ ಪಿಕಪ್‌ಗೆ ಲೋಡ್ ತಡೀಲಿ ಅಂತ ಕಮಾನ್ ಪಟ್ಟಿ ಮೇಲೆ ಪಟ್ಟಿ ಸೇರಿಸ್ತಾ ಇದ್ರೆ ನೀವು ಇರೋ ಪಟ್ಟೀನೂ ಕಿತ್ತಾಕಿ ಗಾಡಿ ನೆಲಕ್ಕೆ ಕೂರಿಸ್ತೀರಾ?? ಉಪಯೋಗ ಏನಣ್ಣಾ ಇದ್ರಿಂದ

ಹೂಸ್ಟನ್_ಹೈದ
ಉಪಯೋಗ ಸೊನ್ನೆ ತಮ್ಮಾ. ಶೋಕಿ ಅಷ್ಟೇ. ಆದ್ರೆ ಈ ಶೋಕಿ ಹಿಂದೆ ಒಂದು ಮಜವಾದ ಕಥೆ ಇದೆ. 1958ರಲ್ಲಿ ಕ್ಯಾಲಿಫೋರ್ನಿಯಾದವರು ಒಂದು ಕಾನೂನು ತಂದ್ರು, ಗಾಡಿಯ ಯಾವ ಭಾಗಾನೂ ಚಕ್ರದ ರಿಮ್‌ನ ಕೆಳ ಅಂಚಿಗಿಂತ ತಗ್ಗಿರೋ ಥರ ಆಲ್ಟರ್ ಮಾಡ್ಕೊಂಡು ಓಡಿಸೋ ಹಾಗಿಲ್ಲ ಅಂತ. ಪೊಲೀಸ್ರು ಹಿಡಿಯಕ್ಕೆ ಶುರು ಮಾಡಿದ್ರು. 1959ರಲ್ಲಿ ರಾನ್ ಅಗೀರೆ ಅನ್ನೋನು ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಕೂರಿಸಿ, ಬೇಕಾದಾಗ ಎತ್ತಿ ಬೇಕಾದಾಗ ಇಳಿಸೋ ವ್ಯವಸ್ಥೆ ಮಾಡ್ಕೊಂಡ. ಪೊಲೀಸ್ ಕಂಡ್ರೆ ಎತ್ತು, ಹೋದ್ಮೇಲೆ ಇಳಿಸು. ಇವತ್ತಿನ ಏರ್ ಬ್ಯಾಗ್ ಗಾಡಿಗಳಲ್ಲೂ ಕೆಲಸ ಮಾಡೋದು ಅದೇ ಉಪಾಯ.

ಮಂಗ್ಳೂರ್_ಮಾಣಿ
ನಾನು ಮಿಷಿಗನ್ನಲ್ಲಿ ಇರುದು ಮಾರಾಯ್ರೆ, ಸಸ್ಪೆನ್ಷನ್ ಟೆಸ್ಟಿಂಗ್ ಕೆಲಸ. ಬೈಯುದಿಲ್ಲ, ಆದ್ರೆ ಮೂರು ಪ್ರಶ್ನೆ ಉಂಟು. ಒಂದು, ಕಟ್ ಮಾಡುದಕ್ಕಿಂತ ಮುಂಚೆ ಹಿಂದಿನ ಆಕ್ಸಲ್ (ಎರಡು ಚಕ್ರ ಸೇರಿಸುವ ಅಡ್ಡ ದಂಡ) ಎಷ್ಟು ಮೇಲೆ ಬರ್ತದೆ ಅಂತ ಲೆಕ್ಕ ಹಾಕಿದ್ದೀರಾ? ಎರಡು, ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲಿ ಹೋಗ್ತದೆ? ಮೂರು, ಚಾಸಿ ನಂಬರ್ ಇರುವ ತುಂಡು ಏನು ಮಾಡ್ತೀರಿ? ಹೆಚ್ಚಿನವರು ಸ್ಟೀಲ್ ತಂದ ದಿನವೇ ಗ್ರೈಂಡರ್ ಹಿಡೀತಾರೆ, ಆಮೇಲೆ ತಲೆ ಮೇಲೆ ಕೈ.

ಹೂಸ್ಟನ್_ಹೈದ
ಮೂರೂ ಸರಿಯಾದ ಜಾಗಕ್ಕೇ ಕೈ ಹಾಕಿದೀರ. ಲೆಕ್ಕ ಹಾಕಿದೀನಿ, ನೋಡಿ.

ಟೈರು 215/35 ಆರ್18. ಒಟ್ಟು ಎತ್ತರ 608 ಎಂಎಂ ಬರುತ್ತೆ, ಅರ್ಧ ಅಂದ್ರೆ ಆಕ್ಸಲ್ ಸೆಂಟರ್ ನೆಲದಿಂದ 304. ಆಕ್ಸಲ್ ಸುತ್ತಿನ ಹೌಸಿಂಗ್ ಪೈಪನ್ನ 76 ಎಂಎಂ ಅಂತ ಹಿಡಿದ್ರೆ ಅದರ ಮೇಲ್ಭಾಗ 342ರಲ್ಲಿ. ಗಾಡಿ ಕೂತಾಗ ಚಾಸಿ ತಳ ಸೊನ್ನೆ, ಮೇಲ್ಭಾಗ 4 ಇಂಚು ಅಂದ್ರೆ 102. ಅಂದ್ರೆ 102ರಲ್ಲಿ ಬರ್ತಿರೋ ಚಾಸಿ ಆಕ್ಸಲ್ ಹತ್ರ ಬಂದಾಗ 342ರ ಮೇಲೆ ಹಾರ್ಬೇಕು, ಜೊತೆಗೆ ಒಂದು 48 ಎಂಎಂ ಗ್ಯಾಪು. ಹಾಗಾಗಿ ಆಕ್ಸಲ್ ಮೇಲೆ ಹೋಗೋ ಪೈಪಿನ ತಳ 390ರಲ್ಲಿ ಇರ್ಬೇಕು. ಇಲ್ಲಿ ಇದಕ್ಕೆ ಜೆಡ್ ಅಂತಾರೆ, ಮೆಟ್ಟಿಲು ಹತ್ತಿದ ಹಾಗೆ ಪೈಪು ಹತ್ತಿ ಮತ್ತೆ ಅಡ್ಡ ಹೋಗುತ್ತೆ. ಹಿಂದೆ ಲೋಡ್ ಹಾಕೋ ಡಬ್ಬಿಯ ಫ್ಲೋರ್ ಪೂರ್ತಿ ಕತ್ತರಿಸ್ಲೇಬೇಕು, ಅದು ಗೊತ್ತಿದ್ದೇ ಇಳಿದಿರೋದು.

ಶಾಫ್ಟಿಗೆ ಕ್ಯಾಬಿನ್ ಮಧ್ಯದ ಟನೆಲ್ ಎತ್ತರಿಸ್ಬೇಕು. ಗೇರ್‌ಬಾಕ್ಸ್ ಬಾಲ, ಇಂಜಿನ್ ಆಯಿಲ್ ಚೇಂಬರ್ ಎರಡೂ ನೆಲಕ್ಕೆ ತಾಕದ ಹಾಗೆ ಇಂಜಿನ್ನೇ ಎತ್ತಿ ಕೂರಿಸ್ತೀನಿ, ಬಾನೆಟ್ಟಿಗೆ ತಾಕಿದ್ರೆ ಅಲ್ಲೊಂದು ಉಬ್ಬು ಮಾಡ್ಬೇಕು. ಹಳೆ ಪೆಟ್ರೋಲ್ ಟ್ಯಾಂಕ್ ಡ್ರೈವರ್ ಕಡೆ ಚಾಸಿ ಒಳಗೆ ನೇತಾಡ್ತಿತ್ತು, ಅಲ್ಲಿ ಇನ್ನು ಜಾಗ ಇಲ್ಲ, ಹಿಂದೆ ಡಬ್ಬಿಯೊಳಗೆ ಬೇರೆ ಟ್ಯಾಂಕ್.

ನಂಬರ್ ಕೊರೆದಿರೋ ತುಂಡು ಮುಟ್ಟಲ್ಲ. ಮುಂದಿನ ಸಸ್ಪೆನ್ಷನ್, ಕ್ರಾಸ್ ಮೆಂಬರ್, ಅದಕ್ಕೆ ಅಂಟಿರೋ ಹಳೆ ಚಾಸಿ ಹಾಗೇ ಉಳಿಸ್ಕೊಂಡು ಅದರ ಹಿಂದಿನಿಂದ ಹೊಸ ಪೈಪು. ಇಲ್ಲಿ ಆ ನಂಬರ್ ಅಳಿಸೋದು ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಕಾನೂನಿನ ಅಪರಾಧ. ರಿಜಿಸ್ಟ್ರೇಷನ್ ಕಥೆ ಒಂದೊಂದು ರಾಜ್ಯಕ್ಕೆ ಒಂದೊಂದು ಥರ, ಮಾಡೋರು ಗ್ರೈಂಡರ್ ಹಿಡಿಯೋಕೆ ಮುಂಚೆ ನಿಮ್ಮ ಕೌಂಟಿ ಆಫೀಸಲ್ಲಿ ಕೇಳ್ಕೊಳ್ಳಿ.

ಬೆಸುಗೆ_ಬಸಣ್ಣ
ನಮಸ್ಕಾರ್ರೀ. ನಾವು ಹುಬ್ಬಳ್ಳಿ ಕಡೆ ಟ್ರ್ಯಾಕ್ಟರ್ ಟ್ರೇಲರ್ ಮಾಡೋ ಮಂದಿ, ಇಪ್ಪತ್ತೆರಡು ವರ್ಷ ಆತು ವೆಲ್ಡಿಂಗ್ ಹೋಲ್ಡರ್ ಹಿಡದು. ನಿಮ್ಮ ಗಾಡಿ ನೋಡಿಲ್ಲ ಆದ್ರ ಕಬ್ಣ ಎಲ್ಲಾ ಕಡೆ ಒಂದ ಐತ್ರಿ. ಹಳೆ ಚಾಸಿಗೆ ಹೊಸ ಪೈಪ್ ಹೆಂಗ ಕೂಡಸ್ತೀರಿ ಅದನ್ನ ಹೇಳ್ರಿ ಮೊದ್ಲ. ಎರಡೂ ನೆಟ್ಟಗ ಕತ್ತರ್ಸಿ ಮುಖಕ್ಕ ಮುಖ ಇಟ್ಟು ಸುತ್ತ ಬೆಸಗಿ ಹೊಡದ್ರಿ ಅಂದ್ರ, ನಾಳೆ ಅಲ್ಲೇ ಸೀಳ್ತೈತಿ. ಬೆಸಗಿ ಸೀಳಂಗಿಲ್ರಿ, ಬೆಸಗಿ ಬಾಜೂದ ಕಬ್ಣ ಸೀಳ್ತೈತಿ, ನಾ ಎಷ್ಟ ಟ್ರೇಲರ್ ನೋಡೀನಿ. ಮೀನಿನ ಬಾಯಿ ಗತೆ ಓರೆಯಾಗಿ ಕೊಯ್ದು ಕೂಡಸ್ರಿ, ಮ್ಯಾಲೆ ಎರಡೂ ಬಾಜೂ ಪ್ಲೇಟ್ ಹಾಕ್ರಿ, ಪ್ಲೇಟಿನ ತುದಿ ಚೌಕಾ ಬ್ಯಾಡ, ಗಾಳಿಪಟದ ಗತೆ ಚೂಪ ಇರ್ಲಿ. ನಡುವ ಎರಡ್ಮೂರು ತೂತ ಹೊಡದು ಆ ತೂತಿನ್ಯಾಗ ಬೆಸಗಿ ತುಂಬ್ರಿ. ಚಾಸಿ ತಳಕ್ಕ ಅಡ್ಡಡ್ಡ ಬೆಸಗಿ ಗೆರಿ ಎಳೀಬ್ಯಾಡ್ರಿ.

ಹೂಸ್ಟನ್_ಹೈದ
ಬಸಣ್ಣ, ಇದು ಚಿನ್ನದಂಥ ಮಾತು. ನಾನು ಹಾಕಿದ್ದ ಡ್ರಾಯಿಂಗಲ್ಲಿ ನೀವು ಬೇಡ ಅಂದಿದ್ದೇ ಇತ್ತು, ಅಳಿಸ್ದೆ. ಹಳೆ ಚಾಸಿ ತಗಡು ತೆಳ್ಳಗಿದೆ, ಹೊಸ ಪೈಪ್ ದಪ್ಪ, ಹಾಗಾಗಿ ಬಿಸಿ ಜಾಸ್ತಿ ಪೈಪಿನ ಕಡೆಗೇ ಹಿಡ್ಕೊಂಡು ತೆಳ್ಳಗಿನ ಕಡೆಗೆ ಸವರಿಕೊಂಡು ಹೋಗ್ತೀನಿ.

ಮೆಷಿನ್ 240 ವೋಲ್ಟಿನ ಮಿಗ್ (ವೈರು ತಾನೇ ಬರ್ತಾ ಇರೋ, ಗ್ಯಾಸ್ ಬಿಡೋ ವೆಲ್ಡಿಂಗ್), 0.035 ಇಂಚಿನ ಇಆರ್70ಎಸ್-6 ವೈರು, ಗ್ಯಾಸು 75 ಭಾಗ ಆರ್ಗಾನ್ 25 ಭಾಗ ಕಾರ್ಬನ್ ಡೈಆಕ್ಸೈಡ್. ನಾನು ಇಟ್ಕೊಂಡಿರೋ ಅಂದಾಜು ಇಂಚಿನ ಸಾವಿರದಲ್ಲೊಂದು ಭಾಗ ದಪ್ಪಕ್ಕೆ ಒಂದು ಆಂಪ್, 3/16 ಅಂದ್ರೆ ಸುಮಾರು 185. ಇಲ್ಲಿನ ಮನೆ ಪ್ಲಗ್ಗಿನ 110 ವೋಲ್ಟ್ ಮೆಷಿನಲ್ಲಿ ಈ ದಪ್ಪಕ್ಕೆ ಕೈ ಹಾಕ್ಬೇಡಿ, ಮೇಲೆ ಹಾವಿನ ಥರ ಚೆಂದ ಕಾಣುತ್ತೆ, ಒಳಗೆ ಹಿಡಿದೇ ಇರಲ್ಲ. ನನ್ನ ಮೆಷಿನ್ನಿಗೂ ಆ ಆಂಪಲ್ಲಿ 30 ಪರ್ಸೆಂಟ್ ಡ್ಯೂಟಿ ಸೈಕಲ್, ಅಂದ್ರೆ 10 ನಿಮಿಷದಲ್ಲಿ 3 ನಿಮಿಷ ಹೊಡೆದ್ರೆ 7 ನಿಮಿಷ ರೆಸ್ಟು. ಹೂಸ್ಟನ್ ಸೆಕೇಲಿ ಆ ರೆಸ್ಟು ಮೆಷಿನ್ನಿಗಿಂತ ನಂಗೇ ಜಾಸ್ತಿ ಬೇಕು.

ಸೆಕೆ ಅಂದಾಗ ನೆನಪಾಯ್ತು, ಮೊದಲ ದಿನ ಪೆಡೆಸ್ಟಲ್ ಫ್ಯಾನ್ ಹಾಕ್ಕೊಂಡು ಕೂತು ಟೆಸ್ಟ್ ಪೀಸ್ ಹೊಡೆದೆ, ನೋಡಿದ್ರೆ ಬೆಸುಗೆ ತುಂಬ ಸಣ್ಣ ಸಣ್ಣ ತೂತು, ಕಾವಲಿಗೆ ಹಾಕಿದ ಸೆಟ್ ದೋಸೆ ಥರ. ಅರ್ಧ ದಿನ ವೈರು ಬದ್ಲಾಯಿಸ್ದೆ, ಗ್ಯಾಸ್ ಜಾಸ್ತಿ ಮಾಡ್ದೆ, ಪೈಪ್ ಮೇಲಿನ ಕಪ್ಪು ಪೊರೆ ಎಲ್ಲ ಉಜ್ಜಿದೆ. ಕೊನೆಗೆ ಹೆಂಡ್ತಿ ಕಾಫಿ ಕೊಡಕ್ಕೆ ಬಂದೋಳು "ಇಷ್ಟು ಗಾಳಿಗೆ ಗ್ಯಾಸ್ ಹಾರಿ ಹೋಗಲ್ವಾ" ಅಂದ್ಳು. ಹೋಗುತ್ತೆ. ಫ್ಯಾನ್ ಆಫ್ ಮಾಡಿದ ತಕ್ಷಣ ಬೆಸುಗೆ ಸರಿ ಹೋಯ್ತು. ಅವಳು ಮಾಡೋದು ಅಕೌಂಟ್ಸ್ ಕೆಲಸ.

ಟಾರ್ಕ್_ತಿಮ್ಮ
😂😂 ಅತ್ತಿಗೆಗೆ ಹೆಲ್ಮೆಟ್ ಕೊಟ್ಟು ನೀವು ಕಾಫಿ ಮಾಡಿ ಗುರು

ಹೂಸ್ಟನ್_ಹೈದ
ಅದೇ ಆಗೋ ಹಾಗಿದೆ.

ಈ ವಾರ ನೆಲ ಮಟ್ಟ ಮಾಡೋ ಕೆಲಸ. ಚಾಸಿ ಕಟ್ಟೋಕೆ ದೊಡ್ಡ ಸ್ಟೀಲ್ ಟೇಬಲ್ ಬೇಕು ಅಂತಾರೆ, ನನ್ನ ಹತ್ರ ಇಲ್ಲ, ಇರೋದು ಗ್ಯಾರೇಜ್ ನೆಲ. ಇಲ್ಲಿ ಗ್ಯಾರೇಜ್ ನೆಲ ಮಟ್ಟವಾಗಿ ಇರಲ್ಲ, ಚೆಲ್ಲಿದ ಪೆಟ್ರೋಲು ನೀರು ಹೊರಗೆ ಹರೀಲಿ ಅಂತ ಬಾಗಿಲ ಕಡೆಗೆ ಇಳಿಜಾರು ಕೊಟ್ಟೇ ಕಟ್ಟಿರ್ತಾರೆ. ರಸಮಟ್ಟ ಇಟ್ಟು ನೋಡಿದ್ರೆ ಒಂದೊಂದು ಕಡೆ ಒಂದೊಂದು ಹೇಳುತ್ತೆ. ಕೊನೆಗೆ ಊರಲ್ಲಿ ಗಾರೆಯವರು ಮಾಡೋ ಹಾಗೆ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ತಂದು ನೀರು ತುಂಬಿಸಿ, ಒಂದು ತುದಿ ಗೋಡೆಗೆ ಕಟ್ಟಿ ಇನ್ನೊಂದು ತುದಿ ಹಿಡ್ಕೊಂಡು ಪೈಪ್ ಕೂರಿಸೋ ಸ್ಟ್ಯಾಂಡ್ ಇಡೋ ಆರು ಜಾಗಕ್ಕೂ ಓಡಾಡ್ದೆ. ಒಳಗೋಡೆಯಿಂದ ಬಾಗಿಲವರೆಗೆ 38 ಎಂಎಂ ಇಳಿಜಾರು. ನನ್ನ ಹತ್ರ ಲೇಸರ್ ಲೆವೆಲ್ ಇದೆ, ಆದ್ರೂ ಟ್ಯೂಬ್ ನೀರನ್ನೇ ನಂಬಿದೆ. ಚಿಕ್ಕೋನಿದ್ದಾಗ ನಮ್ಮನೆ ಕಟ್ಟೋವಾಗ ಆ ಟ್ಯೂಬ್ ಹಿಡ್ಕೊಳ್ಳೋ ಕೆಲಸ ನಂದೇ ಆಗಿತ್ತು, ಅಲ್ಲಾಡಿಸಿದ್ರೆ ಮೇಸ್ತ್ರಿ ಬೈತಿದ್ರು.

ಆರು ಸ್ಟ್ಯಾಂಡು, ಕೆಳಗೆ ತಗಡಿನ ಚೂರು ಕೊಟ್ಟು ಒಂದೇ ಮಟ್ಟ. ನೆಲದ ಮೇಲೆ ಸೆಂಟರ್ ಗೆರೆ, ತೂಗುಗುಂಡು ಬಿಟ್ಟು ಮುಂದಿನ ಚಕ್ರದ ಸೆಂಟರ್, ಅಲ್ಲಿಂದ ಹಿಂದಕ್ಕೆ 108.3 ಇಂಚು, ಇದು ಕಂಪನಿ ಕೊಟ್ಟಿರೋ ವೀಲ್‌ಬೇಸು, ಇದನ್ನ ಬದಲಾಯಿಸಲ್ಲ. ಮೂಲೆಯಿಂದ ಮೂಲೆಗೆ ಅಳೆದ್ರೆ ಎರಡೂ ಕರ್ಣ ಒಂದೇ. ನಾಳೆ ಟ್ಯಾಕ್, ಅಂದ್ರೆ ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕೋದು.

ಕೋಲಾರ_ಟೊಮೆಟೊ
ಅಣ್ಣಾ ಇದೆಲ್ಲ ಓದಿ ನಂಗೂ ಆಸೆ ಆಗ್ತೈತೆ, ಮನೇಲಿ ಒಂದು ಹಳೆ ಪಿಕಪ್ ಸುಮ್ನೆ ನಿಂತೈತೆ. ಇಲ್ಲಿ ಮಾಡಿದ್ರೆ ಆರ್‌ಟಿಒದವ್ರು ಬಿಡ್ತಾರಾ

ಟಾರ್ಕ್_ತಿಮ್ಮ
ಬಿಡಲ್ಲ ಮಗಾ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದು, ಆರ್‌ಸಿಲಿ ಇರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಡಕ್ಕಾಗಿ ಹೇಳಿದೆ. ಆ ವರ್ಷದ ತಿದ್ದುಪಡಿ ಪ್ರಕಾರ ಓನರ್‌ಗೆ ಒಂದೊಂದು ಆಲ್ಟರೇಷನ್ನಿಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಅದೆಲ್ಲ ಬಿಡು, ನಿಮ್ಮೂರಿನ ಹಂಪು ದಾಟಿಸ್ತೀಯಾ ನೆಲಕ್ಕೆ ಕೂರೋ ಗಾಡೀನ?

ಕೋಲಾರ_ಟೊಮೆಟೊ
ಹಂಪು ಮರ್ತೇ ಹೋಗಿತ್ತು. ಮನೆಯಿಂದ ಮೇನ್ ರೋಡಿಗೆ ಏಳು ಐತೆ. ಬೇಡ ಬಿಡಿ

ಹೂಸ್ಟನ್_ಹೈದ
ತಮ್ಮಾ ಬೇಜಾರಾಗ್ಬೇಡ. ಟೆಕ್ಸಾಸಲ್ಲಿ 2025ರ ಜನವರಿ 1ರಿಂದ ಖಾಸಗಿ ಗಾಡಿಗಳಿಗೆ ವರ್ಷ ವರ್ಷದ ಸೇಫ್ಟಿ ತಪಾಸಣೇನೇ ತೆಗೆದುಹಾಕಿದಾರೆ. ಅದು ಒಳ್ಳೇದೋ ಕೆಟ್ಟದ್ದೋ ಅಂದ್ರೆ, ನನ್ನಂಥೋರು ಗ್ಯಾರೇಜಲ್ಲಿ ಚಾಸಿ ಕಟ್ತಿರೋದು ನೋಡಿದ್ರೆ ತಪಾಸಣೆ ಇರ್ಬೇಕಿತ್ತು ಅಂತ್ಲೇ ನನ್ನ ಅಭಿಪ್ರಾಯ.

ಹೂಸ್ಟನ್_ಹೈದ
ಎರಡು ವಾರ ಆದ್ಮೇಲೆ ಬರ್ತಿದೀನಿ. ಎಡವಟ್ಟಾಗಿದೆ.

ಜೆಡ್ ಮೆಟ್ಟಿಲಿನ ಜಾಯಿಂಟು ನಾಲ್ಕೂ ಟ್ಯಾಕ್ ಹಾಕಿ ಅಳೆದೆ, ಪರ್ಫೆಕ್ಟು. ಆ ಖುಷೀಲಿ ಶನಿವಾರ ಕೂತು ಮೇಲ್ಗಡೆ ಬೆಸುಗೆ ಎಲ್ಲ ಒಂದೇ ಸಲ ಮುಗಿಸ್ಬಿಟ್ಟೆ, ಯಾಕಂದ್ರೆ ಮೇಲಿಂದ ಹೊಡಿಯೋದು ಆರಾಮು, ತಳದ್ದು ಹೊಡಿಯೋಕೆ ನೆಲದ ಮೇಲೆ ಮಲ್ಕೊಂಡು ಎದೆ ಮೇಲೆ ಕಿಡಿ ಉದುರಿಸ್ಕೋಬೇಕು, ಅದನ್ನ ಭಾನುವಾರಕ್ಕೆ ಇಟ್ಕೊಂಡೆ. ಭಾನುವಾರ ಬೆಳಿಗ್ಗೆ ಬಂದು ನೋಡಿದ್ರೆ ಹಿಂದಿನ ಎರಡೂ ತುದಿ ಸ್ಟ್ಯಾಂಡ್ ಬಿಟ್ಟು ಮೇಲೆದ್ದಿವೆ. ಎಡಗಡೆ 10 ಎಂಎಂ, ಬಲಗಡೆ 4. ಅಂದ್ರೆ ಬರೀ ಎದ್ದಿದ್ದಲ್ಲ, ತಿರುಚ್ಕೊಂಡೂ ಇದೆ. ಸ್ಟ್ಯಾಂಡಿಗೆ ಪೈಪನ್ನ ಕ್ಲಾಂಪ್ ಮಾಡಿರ್ಲಿಲ್ಲ, ಸುಮ್ನೆ ಇಟ್ಟಿದ್ದೆ. ಗ್ರೈಂಡರ್ ತಗೊಂಡು ಎಲ್ಲಾ ಕತ್ತರಿಸಿ ಮೊದಲಿಂದ ಮಾಡ್ಲಾ?

ಬೆಸುಗೆ_ಬಸಣ್ಣ
ತಡೀರಿ ತಡೀರಿ, ಗ್ರೈಂಡರ್ ಕೆಳಗ ಇಡ್ರಿ!! ಏನೂ ಆಗಿಲ್ಲ. ಎತ್ತಿನ ಗಾಡಿ ಗಾಲಿಗೆ ಕಬ್ಬಿಣದ ಹಳಿ ಕಾಸಿ ತೊಡಸೋದು ನೋಡೀರಿಲ್ಲ? ಕಾದಾಗ ಹಿಗ್ತೈತಿ, ನೀರ ಹಾಕಿದ್ಮ್ಯಾಲ ಕುಗ್ಗಿ ಕಟಗಿ ಗಾಲೀನ ಬಿಗ್ಯಾಗಿ ಹಿಡೀತೈತಿ. ಬೆಸಗೀನೂ ಅಷ್ಟ. ಆರೋವಾಗ ಕುಗ್ತೈತಿ, ಕುಗ್ಗಿ ತನ್ನ ಕಡೆ ಜಗ್ತೈತಿ. ನೀವು ಮ್ಯಾಲಷ್ಟ ಹೊಡದ್ರಿ, ಮ್ಯಾಲಿನ ಬಾಜೂ ಗಿಡ್ಡ ಆತು, ತುದಿ ಎದ್ದು ನಿಂತು. ಎಡಕ್ಕ ಜಾಸ್ತಿ ಯಾಕ ಎದ್ದೈತಿ ಅಂದ್ರ ಅಲ್ಲಿ ಸಂದು ಅಗಲ ಇತ್ತು, ಮಾಲ ಜಾಸ್ತಿ ತುಂಬೀರಿ, ಹೌದಿಲ್ಲೋ?

ಈಗ ತಳದ ಬೆಸಗಿ ಇನ್ನೂ ಬಾಕಿ ಐತಲ್ಲ, ಅದ ನಿಮ್ಮ ಔಷಧ. ತುದಿ ಕೆಳಗ ಜಗ್ಗಿ ಸ್ಟ್ಯಾಂಡಿಗೆ ಕ್ಲಾಂಪ್ ಮಾಡ್ರಿ, ಮೊದ್ಲ ಎಡಗಡೆ ತಳ ಹೊಡೀರಿ, ಒಂದ ಸಲ ಎರಡ ಇಂಚ ಅಷ್ಟ, ಆಮ್ಯಾಲ ಬಲಕ್ಕ ಹೋಗ್ರಿ, ಮತ್ತ ಎಡಕ್ಕ ಬರ್ರಿ. ಆರಿದ್ಮ್ಯಾಲ ಕ್ಲಾಂಪ್ ಬಿಚ್ಚಿ ಅಳೀರಿ. ಉಳದದ್ದಕ್ಕ ಆಮ್ಯಾಲ ಹೇಳ್ತೀನಿ.

ಹೂಸ್ಟನ್_ಹೈದ
ಸಂದು ಅಗಲ ಇದ್ದಿದ್ದು ನಿಮಗೆ ಹುಬ್ಬಳ್ಳೀಲಿ ಕೂತು ಹೇಗೆ ಗೊತ್ತಾಯ್ತು ಸ್ವಾಮಿ!! ಹೌದು, ಎಡಗಡೆ ಕಟಿಂಗ್ ಓರೆ ಹೋಗಿತ್ತು, 3 ಎಂಎಂ ಗ್ಯಾಪನ್ನ ವೈರಲ್ಲೇ ತುಂಬಿಸಿದ್ದೆ, ಯಾರಿಗೂ ಹೇಳಿರ್ಲಿಲ್ಲ.

ಹೇಳಿದ ಹಾಗೇ ಮಾಡ್ದೆ. ಎಡ 10 ಇದ್ದಿದ್ದು 6ಕ್ಕೆ ಬಂತು, ಬಲ 4 ಇದ್ದಿದ್ದು 1.

ಬೆಸುಗೆ_ಬಸಣ್ಣ
ಬಲಗಡೆ ಮುಟ್ಟಬ್ಯಾಡ್ರಿ ಇನ್ನ. ಎಡಗಡೆ ಮೆಟ್ಟಲ ಮುಂದ, ಬೆಸಗಿ ಬಿಟ್ಟು ನಾಕ್ ಇಂಚ ದೂರ, ಪೈಪಿನ ಬಾಜೂಕ ಚಾಕ್‌ಪೀಸ್ ತಗೊಂಡು ವಿ ಆಕಾರ ಬರ್ಕೋರಿ, ಅಗಲ ಬಾಯಿ ತಳಕ್ಕ ಇರ್ಲಿ, ಚೂಪ ಮ್ಯಾಲಕ್ಕ. ಚೂಪಿನಿಂದ ಶುರು ಮಾಡಿ ಕೆಳಗ ಬರಕೋತ ಗ್ಯಾಸ್ ಟಾರ್ಚ್‌ಲೆ ಮಬ್ಬ ಕೆಂಪಾಗೋತನ ಕಾಸ್ರಿ, ಎರಡೂ ಬಾಜೂ. ನೀರ ಹಾಕಬ್ಯಾಡ್ರಿ, ಗಾಳಿಗೆ ತಾನ ಆರ್ಲಿ. ಒಂದ ವಿ ಹೊಡದು ಅಳೀರಿ, ಅವಸರ ಮಾಡಬ್ಯಾಡ್ರಿ.

ಮಂಗ್ಳೂರ್_ಮಾಣಿ
ಬಸಣ್ಣ ಹೇಳಿದ್ದು ಸರಿ, ಸಾದಾ ಮೈಲ್ಡ್ ಸ್ಟೀಲಿಗೆ ಇದು ಹಳೆ ವಿದ್ಯೆ. ಆದ್ರೆ ಹೈ ಸ್ಟ್ರೆಂತ್ ಸ್ಟೀಲಿನ ಈಗಿನ ಗಾಡಿಗಳ ಚಾಸಿಗೆ ಇದನ್ನು ಯಾರೂ ಮಾಡ್ಬೇಡಿ, ಕಾಸಿದ್ರೆ ಅದರ ಗುಣವೇ ಹೋಗ್ತದೆ.

ಮತ್ತೊಂದು, ಇದು ನಮ್ಮ ಹೂಸ್ಟನ್ ಗೌಡ್ರಿಗೆ ಬೇಜಾರಾದ್ರೂ ಹೇಳ್ತೇನೆ. ರಸ್ತೆಗೆ ಇಳಿಸುವ ಮುಂಚೆ ಸರ್ಟಿಫೈಡ್ ವೆಲ್ಡರ್ ಒಬ್ಬರನ್ನು ಕರೆಸಿ ಪ್ರತಿ ಜಾಯಿಂಟ್ ತೋರಿಸಿ. ನಿಮ್ಮ ಗಾಡಿ ತುಂಡಾದ್ರೆ ನೀವು ಒಬ್ಬರೇ ಇರುದಿಲ್ಲ ರಸ್ತೇಲಿ, ಪಕ್ಕದ ಲೇನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವ ಇರ್ತಾನೆ.

ಬೆಸುಗೆ_ಬಸಣ್ಣ
ನಮ್ಮ ಟ್ರೇಲರ್‌ಗೆ ಯಾರ ಸರ್ಟಿಫಿಕೇಟ್ ಕೊಟ್ಟಾರ್ರೀ, ಹತ್ತ ಟನ್ ಕಬ್ಬ ಹೊತ್ತು ಓಡಾಡ್ತಾವು.

ಮಂಗ್ಳೂರ್_ಮಾಣಿ
ಬಸಣ್ಣ, ನಿಮ್ಮ ಟ್ರೇಲರ್ ಓಡುದು 20 ಸ್ಪೀಡಲ್ಲಿ. ಇವರು ಹೋಗುದು 110ರಲ್ಲಿ. ಮತ್ತೆ ನಿಮ್ಮ ಕೈಗೆ 22 ವರ್ಷ, ಇವರ ಕೈಗೆ 22 ವಾರ.

ಬೆಸುಗೆ_ಬಸಣ್ಣ
ಅದೂ ಖರೇನ ಬಿಡ್ರಿ. ತೋರಸ್ರಿ ಗೌಡ್ರ, ತೋರ್ಸಿದ್ರ ಏನ ಹೋಗ್ತೈತಿ.

ಹೂಸ್ಟನ್_ಹೈದ
ಬೇಜಾರಿಲ್ಲ ಮಾಣಿಯವ್ರೇ. ಪೈಪ್‌ಲೈನ್ ವೆಲ್ಡರ್ ಒಬ್ರು ಎರಡು ಬೀದಿ ಆಚೆ ಇದಾರೆ, ಕೇಳಿದೀನಿ, ಬರ್ತೀನಿ ಅಂದಿದಾರೆ.

ಎಡಗಡೆ ಮೊದಲನೇ ವಿ ಆದ್ಮೇಲೆ 6 ಇದ್ದಿದ್ದು 3.5. ಎರಡನೇದಕ್ಕೆ 1.5. ಅಲ್ಲಿಗೇ ನಿಲ್ಸಿದೆ. ಬಿಸಿ ಇದ್ದಾಗ ಇನ್ನೂ ಮೇಲಕ್ಕೆ ಹೋಗುತ್ತೆ ಕಣ್ರೀ, ಎದೆ ಧಸಕ್ಕಂತು, ಆಮೇಲೆ ಅರ್ಧ ಗಂಟೆಯಲ್ಲಿ ನಿಧಾನಕ್ಕೆ ಕಣ್ಣಿಗೆ ಕಾಣೋ ಹಾಗೆ ಇಳಿದು ಬಂತು.

ಇದರ ಮಧ್ಯೆ ಲೇಔಟ್ ಅಸೋಸಿಯೇಷನ್ನಿಂದ ಪತ್ರ ಬಂದಿದೆ, ಗ್ಯಾರೇಜ್ ಬಾಗಿಲು ತೆಗೆದಿಟ್ಟು ಗ್ರೈಂಡರ್ ಓಡಿಸೋ ಹಾಗಿಲ್ಲ ಅಂತ. ಬಾಗಿಲು ಮುಚ್ಚಿದ್ರೆ ಹೊಗೆ, ತೆಗೆದ್ರೆ ಪತ್ರ. ಹೊಗೆ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ: ಸತು ಬಳಿದಿರೋ ಗ್ಯಾಲ್ವನೈಸ್ಡ್ ಕಬ್ಣಕ್ಕೆ ಹಾಗೇ ವೆಲ್ಡ್ ಹೊಡೆದ್ರೆ ರಾತ್ರಿ ಚಳಿಜ್ವರ ಬರುತ್ತೆ. ಅದಕ್ಕಿಂತ ಅಪಾಯ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಸ್ಪ್ರೇ, ಅದರಲ್ಲಿ ಒರೆಸಿದ ಜಾಗಕ್ಕೆ ವೆಲ್ಡಿಂಗ್ ಹೊಡೆದ್ರೆ ಫಾಸ್ಜೀನ್ ಅನ್ನೋ ವಿಷಗಾಳಿ ಏಳುತ್ತೆ, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಅದನ್ನೇ. ನಾನು ಅಸಿಟೋನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೇ ಹೊಡೆಯೋದು.

ಹೂಸ್ಟನ್_ಹೈದ
ಐದು ವಾರದ ಅಪ್‌ಡೇಟು. ಪೈಪ್‌ಲೈನ್ ವೆಲ್ಡರ್ ಬಂದು ಟಾರ್ಚ್ ಹಿಡ್ಕೊಂಡು ಒಂದು ಗಂಟೆ ನೋಡಿದ್ರು, ಎರಡು ಜಾಯಿಂಟ್ ಕಿತ್ತು ಮತ್ತೆ ಹೊಡಿ ಅಂದ್ರು. ಅದ್ರಲ್ಲೊಂದು ನಾನು ಹೆಮ್ಮೆಯಿಂದ ಫೋಟೋ ತೆಗೆದಿಟ್ಕೊಂಡಿದ್ದೇ. ಕಿತ್ತು ಹೊಡೆದೆ.

ಹಿಂದೆ ಆಕ್ಸಲ್ಲನ್ನ ಚಾಸಿಗೆ ನಾಲ್ಕು ಬಾರಲ್ಲಿ ಹಿಡಿಯೋ ಫೋರ್ ಲಿಂಕ್ ಆಯ್ತು, ಕೆಳಗಿನ ಎರಡು ಬಾರ್ ನೆಟ್ಟಗೆ, ಮೇಲಿನ ಎರಡು ವಿ ಥರ ಓರೆ, ಹಾಗಾಗಿ ಆಕ್ಸಲ್ ಅಕ್ಕಪಕ್ಕ ಜರಗದ ಹಾಗೆ ಬೇರೆ ಬಾರ್ ಬೇಕಿಲ್ಲ. ಮಾಣಿಯವರು ಮೆಸೇಜಲ್ಲಿ ಹೇಳಿದ ಹಾಗೆ ಪಿನಿಯನ್ ಆಂಗಲ್ಲನ್ನ (ಶಾಫ್ಟು ಆಕ್ಸಲ್ಲಿಗೆ ಸೇರೋ ಕಡೆಯ ಕೋನ) ಗಾಡಿ ಕೂತಾಗ ಅಲ್ಲ, ಓಡಿಸೋ ಎತ್ತರದಲ್ಲಿ ಇಟ್ಟು ಸೆಟ್ ಮಾಡ್ದೆ, ಶಾಫ್ಟಿನ ಎರಡೂ ತುದಿಯ ಕ್ರಾಸ್ ಜಾಯಿಂಟ್ ಹತ್ರ 3 ಡಿಗ್ರಿ ಒಳಗೆ. ಬ್ರೇಕ್ ಹೋಸ್ ಪೂರ್ತಿ ಎತ್ತಿದಾಗ ಎಳೀಬಾರ್ದು, ಪೂರ್ತಿ ಕೂತಾಗ ಟೈರಿಗೆ ಉಜ್ಜಬಾರ್ದು, ಇದಕ್ಕೇ ಒಂದು ಇಡೀ ದಿನ ಹೋಯ್ತು. ಏರ್ ಬ್ಯಾಗಿಗೆ ಸುತ್ತ ಎಲ್ಲೂ ಏನೂ ತಾಕಬಾರ್ದು, ಉಬ್ಬಿದಾಗ ಒಂದು ಬೋಲ್ಟ್ ತಲೆ ಉಜ್ಜಿದ್ರೂ ಸಾಕು ತೂತಾಗಕ್ಕೆ.

ನಿನ್ನೆ ಸಂಜೆ ಬರೀ ಚಾಸಿ, ಇಂಜಿನ್, ಚಕ್ರ ಇಟ್ಕೊಂಡು ಮೊದಲ ಸಲ ಗಾಳಿ ಬಿಟ್ಟೆ. ಉಸ್ಸ್ ಅಂತ ಕೂತ್ಕೊಳ್ತು. ಮನೇಲಿದ್ದ ಒಂದು ರೂಪಾಯಿ ನಾಣ್ಯ ತಂದು ಚಾಸಿ ಕೆಳಗೆ ತೂರಿಸಿ ನೋಡ್ದೆ. ಮೂರು ಮೂಲೇಲಿ ಹೋಗಲ್ಲ. ಹಿಂದೆ ಎಡಗಡೆ, ಗ್ಯಾರೇಜ್ ಬಾಗಿಲ ಹತ್ರ, ಆರಾಮಾಗಿ ಹೋಗುತ್ತೆ. ಅದೇ ಸುಡುಗಾಡು ಎಡಗಡೆ. ರಾತ್ರಿ ನಿದ್ದೆ ಬರ್ಲಿಲ್ಲ. ಬಸಣ್ಣ ಇನ್ನೊಂದು ವಿ ಹೊಡೀಲಾ?

ಬೆಸುಗೆ_ಬಸಣ್ಣ
ಗೌಡ್ರ, ಮೊದ್ಲ ಗಾಡಿ ಉಲ್ಟಾ ತಿರುಗ್ಸಿ ನಿಲ್ಲಸ್ರಿ. ಮೂತಿ ಬಾಗಲ ಕಡೆ ಇರ್ಲಿ. ಆಮ್ಯಾಲ ನಾಣ್ಯ ಹಾಕ್ರಿ.

ಹೂಸ್ಟನ್_ಹೈದ
ಹೆಂಡ್ತಿ, ನಾನು, ಪಕ್ಕದ ಮನೆಯವರು ಮೂರು ಜನ ಸೇರಿ ಹೊರಗೆ ತಳ್ಳಿ ತಿರುಗಿಸಿ ಒಳಗೆ ತಂದ್ವಿ, ಗಾಳಿ ಬಿಟ್ಟೆ.

ಈಗ ನಾಣ್ಯ ಮುಂದೆ ಬಲಗಡೆ ಹೋಗ್ತಿದೆ. ಬಾಗಿಲ ಹತ್ರ ಅದೇ ಮೂಲೇಲಿ. ಸ್ಟ್ಯಾಂಡ್ ಇಟ್ಟ ಆರು ಜಾಗ ಮಾತ್ರ ಟ್ಯೂಬ್ ಹಿಡಿದು ನೋಡಿದ್ದೆ, ಈ ಮೂಲೆ ನೋಡಿರ್ಲಿಲ್ಲ, ಕಾಂಕ್ರೀಟ್ ಕುಸಿದಿದೆ.

ಕೋಲಾರ_ಟೊಮೆಟೊ
ಹಂಗಾದ್ರೆ ಈಗ ನೆಲಕ್ಕೆ ವಿ ಹೊಡೀರಿ ಅಣ್ಣಾ 😂

ಬೆಸುಗೆ_ಬಸಣ್ಣ
ಹಿಂದ ಡಬ್ಬಿ ತಳ ಹೆಂಗ ಮಾಡ್ತೀರಿ? ತಗಡ ಎಷ್ಟ ದಪ್ಪ ತಂದೀರಿ ಹೇಳ್ರಿ.

ಹೂಸ್ಟನ್_ಹೈದ
ಇನ್ನೂ ತಂದಿಲ್ಲ ಬಸಣ್ಣ. ಒಂದು ವಾರ ಗ್ಯಾರೇಜ್ ಕಡೆ ತಲೆ ಹಾಕಲ್ಲ ಅಂತ ಮನೇಲಿ ಮಾತು ಕೊಟ್ಟಿದೀನಿ.